ಖಂಡೇ ಪೂಜೆಗೆ ಕೂತ ಹಾರ್ಡ್ ಡಿಸ್ಕು

ಖರಾಡಿ ಬಡಾವಣೆಯ ನನ್ನ ಆಫೀಸಿನಿಂದ ಗುಜರಿಗೆ ಹೊರಟಿದ್ದ ಕಂಪ್ಯೂಟರೊಂದನ್ನು ಕೇಳಿ ತಂದು ಮನೆಯ ಸರ್ವರ್ ಮಾಡಿಕೊಂಡಿದ್ದೆ. ಅವ್ವನ ಹೊಲಿಗೆ ಯಂತ್ರದ ಪಕ್ಕದಲ್ಲಿ ಅದು ಹಗಲೂ ರಾತ್ರಿ ಗುಂಯ್ ಎನ್ನುತ್ತಿತ್ತು. ತೀರಿಹೋದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಹಾಡಿದ್ದ ಸೋಬಾನ ಪದಗಳ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಅದರೊಳಗೆ ಇಳಿಸುತ್ತಿದ್ದೆ. ಕೊನೆಯ ಕ್ಯಾಸೆಟ್ಟು ಉಳಿದಿರುವಾಗ ಡಿಸ್ಕಿನಲ್ಲಿ ಜಾಗವೇ ಮುಗಿಯಿತು.

ಆ ಕ್ಯಾಸೆಟ್ಟಿನ ಟೇಪಿಗೆ ಬೂಷ್ಟು ಹಿಡಿದಿತ್ತು. ಒಂದು ಸಲ ಓಡಿದರೆ ಪುಣ್ಯ, ಎರಡನೆಯ ಸಲಕ್ಕೆ ಹರಿಯುವುದು ಖಾತ್ರಿ. ದೊಡ್ಡ ಡಿಸ್ಕೊಂದನ್ನು ಕೊಂಡು ತಂದು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಅಂದು ಖಂಡೇ ಪೂಜೆ, ನಮ್ಮ ಕಡೆಯ ಆಯುಧಪೂಜೆ, ಎನ್ನುವುದೇ ಮರೆತುಹೋಗಿತ್ತು. ಬಂದು ನೋಡಿದರೆ ಈಳಿಗೆ, ಕತ್ತರಿಗಳ ಸಾಲಿನಲ್ಲಿ ಡಿಸ್ಕೂ ಮಣೆಯೇರಿ ಕೂತಿದೆ; ಮೈಮೇಲೆ ಒದ್ದೆ ಕುಂಕುಮ, ಚೆಂಡುಹೂವು. ಸರ್ವರ್‌ಗೂ ಅವ್ವ ಮಾಲೆ ಹಾಕಿದ್ದಳು. ಪೂಜೆಯಾದದ್ದನ್ನು ಮರುದಿನದವರೆಗೆ ಬಳಸುವಂತಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

ಬಗ್ಗಿ ನೋಡಿದೆ. ಕುಂಕುಮ ಸರಿಯಾಗಿ ಸೂಜಿಮೊನೆಯಷ್ಟು ಸಣ್ಣ ತೂತೊಂದರ ಮೇಲೆ ಕೂತಿತ್ತು. ಈ ತೂತನ್ನು ಮುಚ್ಚಬೇಡಿ ಎಂದು ಪಕ್ಕದಲ್ಲೇ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಸಿಟ್ಟು ಎಲ್ಲಿ ಹೋಯಿತೋ! ಧೂಳಿನ ಕಣವೂ ಹೊಗಬಾರದೆಂದು ಬಿಗಿದ ವಸ್ತುವಿಗೆ ತೂತೇಕೆ? ತಡೆಯಲಾರದೆ ಓಣಿಯ ಸೈಬರ್ ಕೆಫೆಗೆ ಹೋಗಿ ಹುಡುಕಿದೆ. ಡಿಸ್ಕು ಕಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಒಳಗೂ ಹೊರಗೂ ಒತ್ತಡ ಒಂದೇ ಇರಲೆಂದು ಆ ತೂತು, ಧೂಳು ತಡೆಯಲು ಅದರ ಹಿಂದೊಂದು ಫಿಲ್ಟರು. ಇಷ್ಟು ವರ್ಷ ಕಂಪ್ಯೂಟರುಗಳ ನಡುವೆಯೇ ಬದುಕಿದ ನನಗೆ ಇದು ಗೊತ್ತಿರಲಿಲ್ಲ. ಓಡಿಬಂದು ಅವ್ವನಿಗೆ ಹೇಳಿದರೆ ಅವಳ ಮುಖ ಸಣ್ಣದಾಯಿತು.

“ನಮ್ಮಕ್ಕನ ದನಿ ಇಡೂ ಜಾಗಾ ನಾನ ಕೆಡಿಸಿದ್ನೇನ?”

ಮರುದಿನ ವಿಜಯದಶಮಿಯ ಬನ್ನಿ ಕೊಟ್ಟು ಮುಗಿದ ಕೂಡಲೇ ಅವ್ವ ಹೊಲಿಗೆ ಯಂತ್ರದ ಬ್ರಷ್ಷಿನಿಂದ ಒಣಗಿದ ಕುಂಕುಮವನ್ನು ತಾನೇ ಮೆಲ್ಲಗೆ ಉದುರಿಸಿದಳು. ಡಿಸ್ಕು ಜೋಡಿಸಿ ಮೊದಲು ಹಳೆಯ ಪದಗಳನ್ನು ಅದಕ್ಕೆ ಹಾಕಿ ಕೇಳಿದೆವು. ಎಲ್ಲವೂ ಸರಿಯಾಗಿದ್ದವು. ಆದರೂ ಅವ್ವನಿಗೆ ಧೈರ್ಯ ಬರಲಿಲ್ಲ. ದನಿ ವೈರಿನಲ್ಲಷ್ಟೇ ಹೋಗುತ್ತದೆ ಎಂದರೂ ಕೇಳದೆ, ಗಾಡಿಗಳ ಗದ್ದಲ ಒಳಗೆ ಬಂದೀತೆಂದು ಬಾಗಿಲು ಹಾಕಿ ಬಂದು ಕೂತಳು.

ಕ್ಯಾಸೆಟ್ಟು ತಿರುಗಿತು. ಸ್ವಲ್ಪ ಹೊತ್ತು ಬರೀ ಸರಸರ ಸದ್ದು. ಆಮೇಲೆ, ಪದ ಶುರುವಾಗುವ ಮೊದಲು, ಯಾರಿಗೋ ಹೇಳುತ್ತಿದ್ದ ದೊಡ್ಡವ್ವನ ದನಿ:

“ಬಾಗಲಾ ಯಾಕ ಹಾಕೀರೆವ್ವಾ? ತಗೀರಿ, ಗಾಳಿ ಬರ್ಲಿ.”

ಅವ್ವ ಎದ್ದು ಹೋಗಿ ಬಾಗಿಲು ತೆಗೆದಳು.