ದೊಡ್ಡಮ್ಮನ ‘ಈ’ ಡ್ರೈವ್

ನಮ್ಮ ದೊಡ್ಡಮ್ಮನನ್ನು ಬೀದಿಯವರೆಲ್ಲ ಕತ್ತರಿ ಎಂದೇ ಕರೆಯುತ್ತಾರೆ. ದೊಡ್ಡಪ್ಪ ಮದುವೆಗಳ ವಿಡಿಯೊ ತೆಗೆದು ತಂದರೆ, ಅದರಲ್ಲಿ ಆಕಳಿಸಿದವರನ್ನೂ ಮೂಗಿನಲ್ಲಿ ಬೆರಳಿಟ್ಟವರನ್ನೂ ಕತ್ತರಿಸಿ ತೆಗೆಯುವುದು ಅವಳ ಕೆಲಸ. ಯಾರಾದರೂ ಬೆರಳಿಟ್ಟು ತೋರಿಸದೆ ಅವಳು ಏನನ್ನೂ ಅಳಿಸುವುದಿಲ್ಲ. ಒಮ್ಮೆ ಹಲ್ಲಿನ ಡಾಕ್ಟರಿಗೂ, “ಯಾವ ಹಲ್ಲು ಕೀಳ್ತೀರಿ, ಬೆರಳಿಟ್ಟು ತೋರ್ಸಿ” ಎಂದಿದ್ದಳು. ಅವರು ತೋರಿಸಿದಾಗ “ಹಾಂ, ಅದೇ” ಎನ್ನಲು ಹೋಗಿ ಬೆರಳು ಕಚ್ಚಿಬಿಟ್ಟಳು.

ಹೋದ ತಿಂಗಳು ಅವಳ ಕಂಪ್ಯೂಟರ್ ತುಂಬಿ ತುಳುಕಿತು. ನಮ್ಮ ಬೀದಿಯ ಬೇಕರಿಯಮ್ಮನ ಮಗಳ ಮದುವೆಯನ್ನು ಹೇಗೋ ಒಳಗೆ ತುರುಕಿ, ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡಿದ್ದರು. ಹಾಗಾಗಿ ಆ ಮದುವೆ ಜಗತ್ತಿನಲ್ಲಿ ಉಳಿದಿದ್ದು ಕಂಪ್ಯೂಟರಿನೊಳಗಿನ ಹಳೆಯ ಡಿಸ್ಕಿನಲ್ಲಿ ಮಾತ್ರ. ಸಿ, ಡಿ ಆದಮೇಲೆ ಬರುವ ‘ಈ’ ಡ್ರೈವಿನಲ್ಲಿ ಅದು ಕೂತಿತ್ತು. ಅವತ್ತೇ ಸಂಜೆ ಬೇಕರಿಯಮ್ಮ ನೋಡಲು ಬರುವವರಿದ್ದರು.

ಅಷ್ಟರಲ್ಲಿ ದೊಡ್ಡಪ್ಪ ಎರಡನೆಯ ಹಾರ್ಡ್ ಡಿಸ್ಕ್ ತಂದು, ಮೇಜಿನ ಕೆಳಗೆ ತೂರಿಕೊಂಡು ಜೋಡಿಸಿದ. ಪರದೆಯ ಮೇಲೆ ಅದಕ್ಕೆ ‘ಎಫ್’ ಎಂಬ ಅಕ್ಷರ ಬಂತು. ಕೆಳಗಿದ್ದ ದೊಡ್ಡಪ್ಪನಿಗೆ ಅದು ಕಾಣುವಂತಿರಲಿಲ್ಲ.

“ಏ, ಈಗ ಈ ಡ್ರೈವ್ ಫಾರ್ಮ್ಯಾಟ್ ಮಾಡೇ” ಎಂದ ಕೆಳಗಿನಿಂದ.

“ಈ ಡ್ರೈವಾ?”

“ಹೂಂ, ಈ ಡ್ರೈವೇ.”

ದೊಡ್ಡಮ್ಮ ‘ಈ’ ಮೇಲೆ ಒತ್ತಿದಳು. ಎಲ್ಲವೂ ಅಳಿಸಿಹೋಗುತ್ತದೆ, ಸರಿಯೇ ಎಂದು ಕಂಪ್ಯೂಟರ್ ಕೇಳಿತು.

“ರೀ, ಇದ್ರಲ್ಲಿ ಮದುವೆ ಇದೆಯಲ್ರೀ!”

“ಮದುವೆ ಎಲ್ಲಿಂದ ಬಂತೇ? ಈಗಷ್ಟೇ ಡಬ್ಬದಿಂದ ತೆಗ್ದಿದೀನಿ.”

“ಆಮೇಲೆ ಇನ್ನೊಂದ್ಸಲ ಮದುವೆ ಮಾಡ್ಕೊಳಿ ಅಂತ ಅವ್ರಿಗೆ ಹೇಳೋಕಾಗಲ್ಲ. ಬೆರಳಿಟ್ಟು ತೋರ್ಸಿ.”

“ಬೆರಳು ಇಟ್ಕೊಂಡೇ ಕೂತಿದೀನಲ್ಲೇ! ಸೊಂಟ ಹಿಡ್ಕೊಳ್ತು!”

ದೊಡ್ಡಮ್ಮ ಮೌಸ್ ಬಿಟ್ಟು, ಮಂಡಿಯೂರಿ ಬಗ್ಗಿ ನೋಡಿದಳು. ದೊಡ್ಡಪ್ಪನ ಬೆರಳು ಫಳಫಳ ಹೊಳೆಯುವ ಹೊಸ ಡಿಸ್ಕಿನ ಮೇಲಿತ್ತು.

“ಅಯ್ಯೋ, ಅದು ಎಫ್ಫು ಕಣ್ರೀ!”

“ಎಫ್ಫೋ ಗಿಫ್ಫೋ, ನಾ ಹೇಳಿದ್ದು ಈ ಡ್ರೈವು!” ಎಂದು ತಲೆಯೆತ್ತಿದವನಿಗೆ ಮೇಜು ಠಣ್ಣೆಂದು ಬಡಿಯಿತು.

ಬೇಡ ಎಂದು ಒತ್ತಿ ಮದುವೆಯನ್ನು ಉಳಿಸಿಕೊಂಡ ಮೇಲೆ, ದೊಡ್ಡಮ್ಮ ಹೊಸ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದಳು. ಮಾತಿನ ನಡುವೆ ಗೊಂದಲವಾಗದ ಅಕ್ಷರವೊಂದನ್ನು ಅದಕ್ಕೆ ಕೊಡಬೇಕೆಂದಳು.

“ಎ ಕೊಡೋಣ” ಎಂದ ದೊಡ್ಡಪ್ಪ.

“ನೀವು ನನ್ನ ಕರೆಯೋದೇ ಏ ಅಂತ.”

“ಓ?”

“ಅದಕ್ಕೆ ನಾನು ಅನ್ನೋದೇ ಓ ಅಂತ.”

ಬಹಳ ಹೊತ್ತು ಯೋಚಿಸಿ, ತಿಜೋರಿಯ ಇಂಗ್ಲಿಷ್ ಮೊದಲಕ್ಷರ ಎಂದು ನೆನಪಿಟ್ಟುಕೊಳ್ಳಲು ಸುಲಭವಾಗುತ್ತದೆಂದು ‘ಟಿ’ ಕೊಟ್ಟಳು. ಇನ್ನು ಗೊಂದಲವೇ ಇಲ್ಲ ಎಂದು ಇಬ್ಬರೂ ಹಿಗ್ಗಿದರು.

ಸಂಜೆ ಬೇಕರಿಯಮ್ಮ ಬಂದು ಕುರ್ಚಿಯಲ್ಲಿ ಕೂತು, ಮಗಳ ಮದುವೆ ನೋಡಿ ಕಣ್ಣೊರೆಸಿಕೊಂಡರು. ದೊಡ್ಡಮ್ಮ ಅವರ ಕೈ ಹಿಡಿದುಕೊಂಡೇ, ಇದು ಎರಡು ಕಡೆ ಇರಲಿ ಎಂದುಕೊಂಡು ಒಳಕ್ಕೆ ಕೂಗಿದಳು: “ರೀ, ಬಂದು ಟೀಗೆ ಒಂದು ಕಾಪಿ ಮಾಡಿ!”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಆಮೇಲೆ ದೊಡ್ಡಪ್ಪನ ದನಿ: “ಟೀನೋ ಕಾಪಿನೋ, ಯಾವ್ದಾದ್ರೂ ಒಂದು ಹೇಳೇ!”

“ನಂಗೆ ಎರಡೂ ಆಗತ್ತೆ” ಎಂದರು ಬೇಕರಿಯಮ್ಮ, “ಸಕ್ಕರೆ ಮಾತ್ರ ಕಮ್ಮಿ.”