ಸುಂದ್ರಮ್ಮನ ಊಟದ ಡಬ್ಬಿ

೧೯೯೬ರಲ್ಲಿ ನಾನು ಗುಂಡ್ಲುಪೇಟೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳಾಗಿದ್ದೆ. ಸೇರಿ ಹನ್ನೊಂದು ವರ್ಷವಾಗಿತ್ತು. ನನ್ನೂರು ಭೀಮನಬೀಡು, ಓದಿದ್ದು ಮೂರನೇ ಕ್ಲಾಸು. ಅರವತ್ತೆರಡು ಮುದ್ದೆಯ ಹಿಟ್ಟನ್ನು ಒಂದೇ ಕೊಪ್ಪರಿಗೆಯಲ್ಲಿ ಗಂಟಿಲ್ಲದೆ ತಿರುವುವವಳು ತಾಲ್ಲೂಕಿನಲ್ಲೇ ನಾನೊಬ್ಬಳು ಎಂಬ ಜಂಬ ನನಗಿತ್ತು. ಈಗಲೂ ಇದೆ.

ಆ ವರ್ಷ ಜೂನ್ ತಿಂಗಳಲ್ಲಿ ಸಂತೆಮರಹಳ್ಳಿ ಕಡೆಯಿಂದ ಸುಂದ್ರಮ್ಮ ಎಂಬವಳು ಎರಡನೇ ಅಡುಗೆಯವಳಾಗಿ ಬಂದಳು. ಮೂವತ್ತರ ಆಸುಪಾಸು. ಗಂಡ, ಅತ್ತೆಯನ್ನು ಊರಲ್ಲೇ ಬಿಟ್ಟು, ನನ್ನ ಹಾಗೆ ಹಾಸ್ಟೆಲಿನಲ್ಲೇ ಉಳಿದುಕೊಂಡಳು. ಮುದ್ದೆ ನನ್ನದು, ಸಾರು ಅವಳದು ಎಂದು ಕೆಲಸ ಹಂಚಿಕೊಂಡೆವು. ಅವಳ ಸಾರು ನನ್ನ ಸಾರಿಗಿಂತ ರುಚಿಯಾಗೇನೂ ಇರಲಿಲ್ಲ. ಆದರೆ ಬಡಿಸುವಾಗ ಅವಳು ತಟ್ಟೆ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು.

ಹಂಗಳದಿಂದ ಬಂದ ಮಾದೇವಿ ಎಂಬ ಆರನೇ ಕ್ಲಾಸಿನ ಹುಡುಗಿ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಕೊಬ್ಬು ಎಂದುಕೊಂಡು ನಾನು ಸುಮ್ಮನಿದ್ದೆ. ಸುಂದ್ರಮ್ಮ ಬಂದ ನಾಲ್ಕನೇ ದಿನವೇ ಸೌಟು ಕೆಳಗಿಟ್ಟು, "ಯಾಕಮ್ಮಿ, ಅವ್ವನ್ ಗೆಪ್ತಿ ಬಂದದಾ?" ಎಂದಳು. ಹುಡುಗಿ ಅವಳ ಸೆರಗು ಹಿಡಿದು ಗೊಳೋ ಎಂದು ಅತ್ತಳು. ತಾಯಿ ತೀರಿಹೋಗಿ ಎರಡು ತಿಂಗಳಾಗಿತ್ತಂತೆ. ನನಗೆ ಅದು ಗೊತ್ತೇ ಇರಲಿಲ್ಲ.

ಅಂದಿನಿಂದ ಹೊಟ್ಟೆನೋವಿಗೂ ಸುಂದ್ರಕ್ಕ, ಮಾಸ್ತರು ಬೈದರೂ ಸುಂದ್ರಕ್ಕ. ನಾನು ಒಲೆಯ ಮುಂದಿನ ಕಲ್ಲು. ಅವಳು ಮಕ್ಕಳಿಗೆ ಸಲಿಗೆ ಕೊಡುತ್ತಾಳೆ, ಕೆಲಸ ತಡವಾಗುತ್ತದೆ ಎಂದು ವಾರ್ಡನ್ ಅಮ್ಮನವರಿಗೆ ದೂರು ಹೇಳಿದೆ. ಅವರು ನಕ್ಕು, "ತಾಯಮ್ಮ, ಅವಳನ್ನ ನೋಡಿ ನೀನೂ ಸ್ವಲ್ಪ ಕಲಿತ್ಕೊ" ಎಂದರು. ಹನ್ನೊಂದು ವರ್ಷ ಹೊಗೆ ಕುಡಿದವಳಿಗೆ ಆರು ತಿಂಗಳೂ ತುಂಬದವಳಿಂದ ಪಾಠ! ಒಲೆಯಲ್ಲಿದ್ದ ಬೆಂಕಿ ನನ್ನ ಹೊಟ್ಟೆಗೆ ಬಂತು. ಇವಳದೊಂದು ತಪ್ಪು ಸಿಗಲಿ, ನೋಡಿಕೊಳ್ಳುತ್ತೇನೆ ಎಂದು ಅವತ್ತಿನಿಂದ ಅವಳ ಮೇಲೆ ಕಣ್ಣಿಟ್ಟೆ. ಅವಳು ಎದ್ದರೆ, ಕೂತರೆ, ಕೆಮ್ಮಿದರೆ ನನಗೆ ಗೊತ್ತಾಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ತಪ್ಪುಗಳು ಸಿಗತೊಡಗಿದವು. ಬಡಿಸುವ ಮುಂಚೆ ನಾವು ಅಡುಗೆಯನ್ನು ಬಾಯಿಗಿಡುವುದಿಲ್ಲ, ಎಂಜಲಾಗುತ್ತದೆ. ಏಳುವ ಹಬೆಯಲ್ಲೇ ಉಪ್ಪು ತಿಳಿಯಬೇಕು. ಸುಂದ್ರಮ್ಮನಿಗೆ ಅದು ತಿಳಿಯುತ್ತಿತ್ತು. ಅಂಥವಳು ಒಂದೇ ವಾರದಲ್ಲಿ ಎರಡು ಸಲ ಸಾರಿಗೆ ಉಪ್ಪನ್ನು ದುಪ್ಪಟ್ಟು ಹಾಕಿದಳು. ಹಿಂದೆ ನನ್ನ ಸಾರಿಗೆ ಒಂದು ಹರಳು ಹೆಚ್ಚಾದರೂ ವಾರ್ಡನ್ ತನಕ ದೂರು ಹೋಗುತ್ತಿತ್ತು. ಈಗ ಅರವತ್ತೆರಡು ಮಕ್ಕಳೂ ನೀರು ಕುಡಿದು ಕುಡಿದು ಉಂಡು ಎದ್ದರು. ಸುಂದ್ರಕ್ಕನಿಗೆ ಬೇಜಾರಾಗಬಾರದಂತೆ! ನನಗೆ ಮೈ ಉರಿದುಹೋಯಿತು.

ಇನ್ನೊಂದು ಕಂಡೆ. ಮಕ್ಕಳ ಊಟವಾದ ಮೇಲೆ ನಾವಿಬ್ಬರೂ ಅಡುಗೆಮನೆಯಲ್ಲೇ ಕೂತು ಉಣ್ಣುವುದು ರೂಢಿ. ಅವಳು ತನ್ನ ಪಾಲನ್ನು ಡಬ್ಬಿಗೆ ಹಾಕಿ, "ಆಮ್ಯಾಕ್ ಉಣ್ತೀನಿ ಕಣಕ್ಕ" ಎಂದು ಹಿಂದುಗಡೆ ಹೋಗತೊಡಗಿದಳು. ಊಟದ ನೆಪದಲ್ಲಿ ಬೇಳೆಯನ್ನೋ ಬೆಲ್ಲವನ್ನೋ ಸಾಗಿಸುತ್ತಿದ್ದಾಳೆ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಅಂತೂ ಸಿಕ್ಕಿದಳು ಎಂದು ಎಷ್ಟು ಖುಷಿಯಾಯಿತೆಂದರೆ, ಅವತ್ತು ಒಂದು ಮುದ್ದೆ ಹೆಚ್ಚಿಗೆ ಉಂಡೆ.

ಮರುದಿನ ಮಧ್ಯಾಹ್ನ ಅವಳ ಹಿಂದೆಯೇ ಹೋದೆ. ಸೌದೆ ಕೊಟ್ಟಿಗೆಯ ಆಚೆ ದನಕ್ಕೆ ಕಲಗಚ್ಚು ಇಡುವ ಕಲ್ಲುಬಾನಿ ಇತ್ತು. ಸುಂದ್ರಮ್ಮ ಡಬ್ಬಿ ತೆಗೆದು ಇಡೀ ಮುದ್ದೆಯನ್ನು ಅದರೊಳಕ್ಕೆ ಹಾಕಿದಳು. ಡಬ್ಬಿಯಲ್ಲಿ ಬೇಳೆಯೂ ಇರಲಿಲ್ಲ, ಬೆಲ್ಲವೂ ಇರಲಿಲ್ಲ. ನಾನು ಅವಳ ಕೈ ಹಿಡಿದೆ. ಬಳೆಗಳು ಜಾರಿ ಮೊಣಕೈವರೆಗೆ ಹೋದವು.

"ಅನ್ನ ಚೆಲ್ತಿದ್ದೀಯಲ್ಲೇ, ಏನ್ ಬಂದದೆ ನಿಂಗೆ?"

"ಗಂಟ್ಲಲ್ಲಿ ಇಳಿಯಾಕಿಲ್ಲ ಕಣಕ್ಕ. ನಿದ್ದೆನೂ ಇಲ್ಲ. ಬೆಳ್ಗಾಯ್ತದೆ ಅಂದ್ರೆ ಎದೆ ನಡುಗ್ತದೆ."

"ಗಂಡ ಒಡುದ್ನಾ? ಅತ್ತೆ ಏನಾರ ಅಂದ್ಳಾ?"

"ಯಾರೂ ಏನೂ ಅಂದಿಲ್ಲ. ಅದ್ಕೇ ನಾಚ್ಕೆ. ಯಾರ್ಗೂ ಯೋಳ್ಬೇಡ ಅಕ್ಕ. ನಾನೇ ಅಳಾಕ್ ಕೂತ್ರೆ ಆ ಮಕ್ಳು ಯಾರತ್ರ ಓಗಿ ಅತ್ತಾವು?" ಆಮೇಲೆ ಮೆಲ್ಲಗೆ ಹೇಳಿದಳು: "ಇನ್ಮ್ಯಾಕೆ ಬಾವಿ ನೀರ್ಗೆ ನನ್ನ ಕಳಿಸ್ಬೇಡ ಕಣಕ್ಕ. ಬಾವಿ ನೋಡುದ್ರೆ ಅಲ್ಲೇ ನಿಂತ್ಬುಡ್ತೀನಿ."

ಆ ಮಾತು ನನಗೆ ಅರ್ಥವಾಯಿತು. ಅವಳ ಕೈಯನ್ನು ಬಿಡದೆ ಹಾಗೇ ವಾರ್ಡನ್ ಅಮ್ಮನವರ ಮುಂದೆ ಕರೆದುಕೊಂಡು ಹೋಗಿ ಕೂರಿಸಿ, ಬಾವಿಯ ಮಾತನ್ನೂ ಹೇಳಿದೆ. "ಇವಳಿಗಾ? ಎಲ್ಲರಿಗೂ ಧೈರ್ಯ ಹೇಳೋಳು ಇವಳೇ ಅಲ್ವಾ?" ಎಂದು ಅವರು ನಂಬಲೇ ಇಲ್ಲ. "ಇವ್ಳ್ ಕೈ ನೋಡಿ ಅಮ್ಮಾವ್ರೆ. ನಾಳೆ ನಮ್ಮಿಬ್ರಿಗೂ ರಜ ಕೊಡಿ" ಎಂದೆ. ಅವಳಿಗೆ ಬಾವಿ ಕಡೆ ಹೋಗುವ ನೆಪವೇ ಸಿಗದಿರಲೆಂದು ಅದರ ಹಗ್ಗವನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿದೆ. ಆ ರಾತ್ರಿ ಅವಳ ಪಕ್ಕದಲ್ಲೇ ಚಾಪೆ ಹಾಸಿದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಚಾಮರಾಜನಗರಕ್ಕೆ ಹೋದೆವು. ಆಗ ಅದಿನ್ನೂ ಜಿಲ್ಲೆಯಾಗಿರಲಿಲ್ಲ. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕೇಳಿದ್ದಕ್ಕೆಲ್ಲ ಸುಂದ್ರಮ್ಮ ತಲೆ ಬಗ್ಗಿಸಿ, "ಏನಿಲ್ಲ ಸಾರ್" ಎನ್ನುತ್ತಿದ್ದಳು. ನಾನೇ ಹೇಳಿದೆ. ಊಟ ಬಿಟ್ಟದ್ದು ಯಾವಾಗ, ಉಪ್ಪು ತಪ್ಪಿದ್ದು ಯಾವ ಯಾವ ದಿನ, ತಲೆಗೆ ಎಣ್ಣೆ ಮುಟ್ಟಿಸದೆ ಎಷ್ಟು ದಿನವಾಯಿತು, ಬಾವಿಯ ಮಾತು, ಎಲ್ಲವನ್ನೂ. ಡಾಕ್ಟರು ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ನೀವು ಇವರ ಒಡಹುಟ್ಟಿದ ಅಕ್ಕನಾ?"

"ಅಲ್ಲ ಸಾರ್. ನಂಗೆ ಇವ್ಳನ್ನ ಕಂಡ್ರಾಗಾಕಿಲ್ಲ."

ಸುಂದ್ರಮ್ಮ ನಕ್ಕಳು. ತಿಂಗಳ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಇದಕ್ಕೆ ಡಿಪ್ರೆಶನ್ ಎನ್ನುತ್ತಾರೆ, ಇದು ಕಾಯಿಲೆ, ಸೋಮಾರಿತನವೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ನಡುವೆ ನಿಲ್ಲಿಸಬಾರದು, ಒಬ್ಬಳನ್ನೇ ಬಿಡಬಾರದು ಎಂದರು. ಮಾತ್ರೆಯನ್ನು ನನ್ನ ಸೆರಗಿನಲ್ಲೇ ಕಟ್ಟಿಕೊಂಡು, ದಿನವೂ ನನ್ನೆದುರಿಗೇ ನುಂಗಿಸಿದೆ. ಸಾರೂ ನನ್ನ ಪಾಲಿಗೆ ಬಂತು. ಮಕ್ಕಳು ಮುಖ ಗಂಟಿಕ್ಕಿಕೊಂಡೇ ಉಂಡರು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಸುಂದ್ರಮ್ಮ ನನ್ನೆದುರು ಕೂತು ಒಂದು ಮುದ್ದೆಯನ್ನು ಪೂರ್ತಿ ಉಂಡಳು. ಕೈ ನೆಕ್ಕಿ, "ಸಾರ್ಗೆ ಉಪ್ಪೇ ಸಾಲ್ದು ಕಣಕ್ಕ" ಎಂದಳು. ಬಾಗಿಲಲ್ಲಿ ನಿಂತಿದ್ದ ಮಾದೇವಿ ಕಿಸಕ್ಕನೆ ನಕ್ಕು, "ದಿನಾ ಇಂಗೇ ಸುಂದ್ರಕ್ಕ" ಎಂದು ದೂರು ಹೇಳಿದಳು. ನನ್ನ ಹೊಟ್ಟೆಯಲ್ಲಿ ಮತ್ತೆ ಕಿಚ್ಚೆದ್ದಿತು. ಇವಳು ಬದುಕಿದಳು ಎಂದು ನನಗೆ ಖಾತ್ರಿಯಾದದ್ದು ಆಗಲೇ.

ಬೇರೆಯವರ ಮನಸ್ಸನ್ನು ಓದುವವರಿಗೆ ಎಮೋಷನಲ್ ಇಂಟೆಲಿಜೆನ್ಸ್ ಇದೆ ಎನ್ನುತ್ತಾರೆ ಎಂದು ನನ್ನ ಮೊಮ್ಮಗಳು ಹೇಳುತ್ತಾಳೆ. ಸುಂದ್ರಮ್ಮನಿಗೆ ಅದು ಬೇಕಾದಷ್ಟಿತ್ತು. ತಾನು ಬೇಯುತ್ತಿರುವುದನ್ನು ಯಾರಿಗೂ ಕಾಣದಂತೆ ಮುಚ್ಚಿಡಲೂ ಅವಳಿಗೆ ಅದೇ ಬುದ್ಧಿ ನೆರವಾಯಿತು. ಅವಳನ್ನು ಇಷ್ಟಪಟ್ಟವರು ಉಪ್ಪು ಹೆಚ್ಚಾದ ಸಾರನ್ನು ನುಂಗಿಕೊಂಡು ಸುಮ್ಮನಾದರು. ಅಷ್ಟು ಒಳ್ಳೆಯತನ ನನ್ನಲ್ಲಿರಲಿಲ್ಲ, ಹಾಗಾಗಿ ಕಂಡಿತು. ಅಡುಗೆಮನೆ ನನಗೆ ಕಲಿಸಿದ್ದು ಇಷ್ಟೇ: ಎಲ್ಲರಿಗೂ ಬಡಿಸಿದವಳು ಉಂಡಳೇ ಎಂದು ಒಬ್ಬರಾದರೂ ಅವಳ ತಟ್ಟೆ ನೋಡಬೇಕು. ರಿಟೈರ್ ಆಗುವವರೆಗೂ ನಾನು ಅವಳ ತಟ್ಟೆ ನೋಡಿದೆ. ಅವಳನ್ನು ಕಂಡರೆ ಹೊಟ್ಟೆ ಉರಿಯುವುದೂ ಅಲ್ಲಿಯವರೆಗೆ ನಿಲ್ಲಲಿಲ್ಲ.