ಅತ್ತೆಯ ಕೆಂಪು ಕೋಟು

ನಮ್ಮಪ್ಪ ದರ್ಜಿ. ಹೊಸ ಕೋಟು ಹೊಲಿಸಲು ಬಂದವರನ್ನು ಹಳೆ ಕೋಟಿನಲ್ಲೇ ವಾಪಸು ಕಳಿಸುವುದರಲ್ಲಿ ಎತ್ತಿದ ಕೈ. ಮಾಸಿದ ಕೋಟನ್ನು ಪೂರ್ತಿ ಬಿಚ್ಚಿ, ಬಟ್ಟೆಯ ಒಳಮಗ್ಗುಲನ್ನು ಹೊರಗೆ ಮಾಡಿ ತಿರುವಿ ಹೊಲಿಯುತ್ತಿದ್ದ. "ಇನ್ನೂ ಐದು ವರ್ಷ ಬರುತ್ತೆ, ಸುಮ್ನೆ ಯಾಕೆ ದುಡ್ಡು ದಂಡ?" ಊರವರ ಜೇಬಿನ ಚಿಂತೆಯಲ್ಲಿ ತನ್ನ ಹೊಟ್ಟೆಗೆ ತಾನೇ ಹೊಡೆದುಕೊಂಡ ಪುಣ್ಯಾತ್ಮ.

ಅವನ ಅಕ್ಕ, ನನ್ನ ಸೋದರತ್ತೆ, ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಬಿಳಿ ಹಾಸಿಗೆ ಬಟ್ಟೆ ಒಗೆದು ಮಡಚಿದವಳು. ಅವಳ ಕಣ್ಣು ಮಂಜಾದಾಗ ಡಾಕ್ಟರ ಬಳಿ ಜೊತೆಗೆ ಹೋದವಳು ನಾನೊಬ್ಬಳೇ. ಕೆಲವೇ ತಿಂಗಳಲ್ಲಿ ಎರಡೂ ಕಣ್ಣು ಹೋಗುತ್ತವೆ, ಮದ್ದಿಲ್ಲ ಎಂದರು.

"ನಿಮ್ಮಪ್ಪಂಗೆ ಹೇಳ್ಬೇಡ. ಅಳ್ತಾ ಕೂತ್ಕೋತಾನೆ," ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ಮರುದಿನ ಅಂಗಡಿಗೆ ಬಂದು, ದುಡ್ಡನ್ನೂ ಅಳತೆಗೆಂದು ತನ್ನ ಬೂದು ಕೋಟನ್ನೂ ಮೇಜಿನ ಮೇಲಿಟ್ಟಳು.

"ಹೊಸ ಕೋಟು ಹೊಲಿಯೋ. ಕಣ್ಣಿಗೆ ಹೊಡೆಯೋ ಅಂಥ ಕೆಂಪು ಬಟ್ಟೇಲಿ. ಬೇಗ."

"ಈ ವಯಸ್ಸಲ್ಲಿ ಕೆಂಪಾ, ಅಕ್ಕಾ?"

"ನನ್ನ ದುಡ್ಡು, ನನ್ನ ಮೈ. ಹೊಲಿತೀಯೋ ಇಲ್ವೋ?"

ಅಪ್ಪ ತಲೆಯಾಡಿಸಿದ. ಅವಳು ಹೋದ ಮೇಲೆ ಬೂದು ಕೋಟನ್ನೇ ಬಿಚ್ಚತೊಡಗಿದ.

"ಅಪ್ಪಾ, ಅತ್ತೆ ಕೇಳಿದ್ದು ಇದಲ್ಲ."

"ನಾಳೆ ಕೈಲಾಗದೆ ಕೂತಾಗ ದುಡ್ಡು ಬೇಡ್ವಾ ಅವಳಿಗೆ? ಅವಳ ಖಾತೆಗೇ ಹಾಕ್ತೀನಿ."

ಮಾತು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಆ ಆಣೆಯನ್ನು ಮುರಿಯದಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು.

ಅಕ್ಕನ ಕೋಟೆಂದು ಒಂದೊಂದು ಹೊಲಿಗೆಯನ್ನೂ ಕೈಯಲ್ಲೇ ಹಾಕಿದ. ಎರಡು ತಿಂಗಳು ಹಿಡಿಯಿತು; ಅಷ್ಟೂ ದಿನ ಅತ್ತೆ ಅಂಗಡಿಯ ಕಡೆ ಬರಲಿಲ್ಲ. ಮನೆಗೆ ತೆಗೆದುಕೊಂಡು ಹೋದಾಗ ಅತ್ತೆ ಕಿಟಕಿಯ ಹತ್ತಿರ ಕೂತಿದ್ದಳು.

"ತಂದ್ಯೇನೋ?" ಎಂದು ಎರಡೂ ಕೈ ಚಾಚಿದಳು, ಅಪ್ಪ ಇಲ್ಲದ ದಿಕ್ಕಿಗೆ.

ಅಪ್ಪ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ. ಅವನಿಗೆ ಅರ್ಥವಾಯಿತು.

ಅತ್ತೆ ಕೋಟು ತೊಟ್ಟು ಗುಂಡಿ ಹುಡುಕಿದಳು. ಕೋಟು ತಿರುವಿದರೆ ಗುಂಡಿ ಇನ್ನೊಂದು ಬದಿಗೆ ಹೋಗುತ್ತದೆ. ಬಟ್ಟೆಯಲ್ಲೇ ಸವೆದ ಆ ಬೆರಳುಗಳು ಅಲ್ಲೇ ನಿಂತವು.

"ತಿರುವಿದ್ದೀಯ," ಎಂದಳು. ಬೈಯಲಿಲ್ಲ. ಬೈದಿದ್ದರೆ ಅಪ್ಪ ಬದುಕಿಕೊಳ್ಳುತ್ತಿದ್ದ.

ಅದೇ ವಾರ ಅಪ್ಪ ಪೇಟೆಯಲ್ಲಿದ್ದ ಅತಿ ದುಬಾರಿ ಕೆಂಪು ಬಟ್ಟೆ ತಂದು ಹೊಲಿದ. ಅತ್ತೆ ಅದನ್ನು ತೊಟ್ಟು ಕಿಟಕಿಯ ಬೆಳಕಿಗೆ ನಿಂತಳು.

"ಎಂಥ ಕೆಂಪು? ಹೇಳೋ."

ಬಟ್ಟೆಯ ಬಗ್ಗೆ ಗಂಟೆಗಟ್ಟಲೆ ಕೊರೆಯುತ್ತಿದ್ದ ನಮ್ಮಪ್ಪ ಅವಳ ಬೆರಳು ಹಿಡಿದು ಗುಂಡಿಯ ಮೇಲಿಟ್ಟ.